ನಲವತ್ತೆಂಟರ ಮುಂದಿನ ಎಣಿಕೆ

ಕಳೆದ ವರ್ಷ ನನ್ನ ಪಿತ್ತಕೋಶದ ಹರಳು ತೆಗೆಯುವ ಮುಂಚೆ, ಅರಿವಳಿಕೆ ಕೊಡುವ ಡಾಕ್ಟರ ಹುಡುಗಿಯೊಬ್ಬಳು ಮಂಚದ ಹತ್ತಿರ ಬಂದು ಧೈರ್ಯ ಹೇಳಿದಳು. "ಅಜ್ಜಿ, ಹೆದರಬ್ಯಾಡ್ರಿ. ಮಲಗಸಾಕ ಒಂದು ಸೂಜಿ, ಎಬ್ಬಸಾಕ ಇನ್ನೊಂದು ಸೂಜಿ. ಕೆಲಸ ಮುಗೀತಂದ್ರ ಲಗೂನ ಎಬ್ಬಸ್ತೀನಿ." ನನಗೆ ನಗು ಬಂತು. "ನಾನೂ ಒಬ್ಬರನ್ನ ಎಬ್ಬಿಸೇನವಾ, ಸೂಜಿ ಇಲ್ಲದನ," ಅಂದೆ. ಮುದುಕಿಗೆ ಸೂಜಿ ಚುಚ್ಚುವ ಮುಂಚೆಯೇ ಮಂಪರು ಹತ್ತಿದೆ ಅಂದುಕೊಂಡಳೋ ಏನೋ, ನನ್ನ ಕೈ ಸವರಿ ಎದ್ದುಹೋದಳು. ಪೂರಾ ಕೇಳದೆ ಎದ್ದುಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆಕೆ ಕೇಳಲಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ.

ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷದ ಮಾತು. ನನಗೆ ಹತ್ತೊಂಬತ್ತು. ಗಜೇಂದ್ರಗಡದ ನೇಕಾರರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ತವರು ನರಗುಂದ. ಅಲ್ಲಿ ಐದನೇ ಇಯತ್ತೆಯವರೆಗೆ ಸಾಲಿ ಕಲಿತವಳು ನಾನು. ಲೆಕ್ಕದಲ್ಲಿ ಗಂಡುಹುಡುಗರನ್ನು ನಾಚಿಸಬೇಕೆಂದರೆ ಮಾಸ್ತರರು ನನ್ನನ್ನೇ ಹಲಗೆಯ ಮುಂದೆ ಕರೆಯುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆಂದು ಹೇಳುತ್ತಿದ್ದೇನೆ. ಆಯಿತು, ಸ್ವಲ್ಪ ಜಂಬವೂ ಇದೆ.

ಮನೆಯಲ್ಲಿ ಮೂರೇ ಜನ: ಅತ್ತೆ, ನಮ್ಮವರು, ನಾನು. ಮಾವ ನಾನು ಬರುವ ಮುಂಚೆಯೇ ತೀರಿಹೋಗಿದ್ದರು. ಇದ್ದದ್ದು ಒಂದೇ ಪಡಸಾಲೆ. ಅದರಲ್ಲೇ ನೆಲದ ಕುಣಿಯಲ್ಲಿ ಕಾಲಿಳಿಸಿ ಕುಳಿತು ನೇಯುವ ಕುಣಿಮಗ್ಗ, ಅದರಲ್ಲೇ ಅತ್ತೆ ನೂಲು ಸುತ್ತುವ ರಾಟಿ, ಅದರಲ್ಲೇ ಊಟ. ಹಗಲು ಹೊತ್ತಿನಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ರೂಢಿ ಇರಲಿಲ್ಲ. ಅತ್ತೆ ಕೆಟ್ಟವರಲ್ಲ, ಮಾತಾಡಬೇಡಿರಿ ಎಂದು ಎಂದೂ ಹೇಳಿದವರೂ ಅಲ್ಲ. ಆದರೆ ಅವರ ರಾಟಿ ಮುಂಜಾನೆಯಿಂದ ಸಂಜೆಯವರೆಗೆ ನಮ್ಮಿಬ್ಬರ ನಡುವೆ ತಿರುಗುತ್ತಲೇ ಇರುತ್ತಿತ್ತು. ಊಟಕ್ಕೆ ಕರೆಯಬೇಕಾದರೂ ನಾನು ತಾಟನ್ನು ಸ್ವಲ್ಪ ಸಪ್ಪಳವಾಗುವಂತೆ ಇಡುತ್ತಿದ್ದೆ, ನಮ್ಮವರು ಏಳುತ್ತಿದ್ದರು.

ಮಾತಿಗೆ ಒಂದೇ ಒಂದು ಕಂಡಿ ಇತ್ತು, ಅದು ಮಗ್ಗದ ಹಣಿಗೆಯಲ್ಲಿ, ಬಾಚಣಿಗೆಯಂಥ ಹಲ್ಲಿನ ಚೌಕಟ್ಟಿನಲ್ಲಿ. ಮಗ್ಗಕ್ಕೆ ಹೊಸ ಹಾಸು ಏರಿಸುವಾಗ, ಅಂದರೆ ಸೀರೆಯ ಉದ್ದಕ್ಕೆ ಬರುವ ನೂಲು ಏರಿಸುವಾಗ, ಎಲ್ಲ ಎಳೆಗಳನ್ನೂ ಹಣಿಗೆಯ ಹಲ್ಲುಗಳ ಸಂದಿನಲ್ಲಿ ತೂರಿಸಬೇಕು. ಹಣಿಗೆಯ ಈ ಕಡೆ ನಾನು, ಆ ಕಡೆ ನಮ್ಮವರು. ನಾನು ಎರಡೆರಡು ಎಳೆ ಬಿಡಿಸಿ ಸಂದಿಗೆ ಹಿಡಿಯಬೇಕು, ಅವರು ಸಣ್ಣ ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಗಟ್ಟಿಯಾಗಿ ಎಣಿಸುವುದು ನನ್ನ ಪಾಲಿನ ಕೆಲಸ. ಎರಡು, ನಾಲ್ಕು, ಆರು, ಎಂಟು, ಹೀಗೆ ನೂರಾದರೆ ಒಂದು ಹುಣಸೆ ಬೀಜ ಪಕ್ಕಕ್ಕೆ. ಸಾವಿರಗಟ್ಟಲೆ ಎಳೆ. ಎರಡು ದಿನ ಹಿಡಿಯುತ್ತಿತ್ತು, ಕುತ್ತಿಗೆ ಬಿದ್ದುಹೋಗುತ್ತಿತ್ತು.

ಬಂದ ಹೊಸದರಲ್ಲಿ ಒಮ್ಮೆ ನಿಜವಾಗಿಯೂ ತಪ್ಪಿದೆ. ಐವತ್ನಾಲ್ಕರ ಮುಂದೆ ಐವತ್ತೆಂಟು ಅಂದುಬಿಟ್ಟೆ. ಅವರು ತಲೆ ಎತ್ತಲಿಲ್ಲ, ಕೊಕ್ಕೆ ನಿಲ್ಲಿಸಿ, "ಎರಡ ಎಳಿ ಬಿಟ್ಟಿ," ಅಂದರು. ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ತುಟಿಯ ತುದಿಯಲ್ಲಿ ಒಂದು ನಗು ಇತ್ತು, ಹಣಿಗೆಯ ಸಂದಿನಿಂದ ನನಗೆ ಕಂಡಿತು. ಆ ದಿನ ಮುಂಜಾನೆಯಿಂದ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನನಗೆ ಎಷ್ಟು ಹಿತವಾಯಿತೆಂದರೆ, ಮುಂದಿನ ನೂರರಲ್ಲಿ ಬೇಕೆಂತಲೇ ತಪ್ಪಿದೆ.

ಅಲ್ಲಿಂದ ಅದು ಚಟವಾಯಿತು. ಎಳೆ ಬಿಡುತ್ತಿರಲಿಲ್ಲ, ನಾನು ಅಂಥ ಹೊಣೆಗೇಡಿಯಲ್ಲ. ಅಂಕಿ ಮಾತ್ರ ಬಿಡುತ್ತಿದ್ದೆ. ನೂರಕ್ಕೆ ಒಮ್ಮೆ, ಮನಸ್ಸು ಬೇಸರವಿದ್ದ ದಿನ ಮೂರು ಸಲ. ಪ್ರತಿ ಸಲವೂ ಅವರು, "ಎರಡ ಎಳಿ ಬಿಟ್ಟಿ." ಪ್ರತಿ ಸಲವೂ ನಾನು, "ಹೌದೇನ್ರಿ? ಲಕ್ಷ್ಯ ಹೋತು ನೋಡ್ರಿ." ಅತ್ತೆ ರಾಟಿ ತಿರುಗಿಸುತ್ತ, "ಐದನೇತ್ತೆ ಕಲತಾಳಂತ, ಐವತ್ತ ಎಣಸಾಕ ಬರೂದಿಲ್ಲ. ನಮ್ಮ ಬೀಗರು ಚಲೋ ಸಾಲಿ ಕಲಿಸ್ಯಾರ," ಅಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ಒಳಗೊಳಗೇ ಉರಿದುಹೋಗುತ್ತಿದ್ದೆ. ಹಲಗೆಯ ಮುಂದೆ ನಿಂತು ಗಂಡುಹುಡುಗರ ಮೂಗು ಕೆಳಗೆ ಮಾಡಿದವಳು ನಾನು! ಆದರೂ ಬಾಯಿ ಬಿಡಲಿಲ್ಲ. ಮಾನ ಹೋದರೂ ಹೋಗಲಿ, ಆ ಎರಡು ಮಾತು ಬೇಕಾಗಿತ್ತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಮ್ಮವರನ್ನು ಅವರ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಅವರಿಗೆ ಇಟ್ಟದ್ದು ಅವರ ಅಜ್ಜನ ಹೆಸರು. ಅತ್ತೆಗೆ ಅದು ಮಾವನ ಹೆಸರು, ಸೊಸೆಯಾದವಳು ಮಾವನ ಹೆಸರು ಹೇಳುವುದುಂಟೇ? ಹೀಗಾಗಿ ತೊಟ್ಟಿಲಿನಿಂದಲೇ ಅವರು "ತಮ್ಮಾ" ಆದರು. ನನಗಂತೂ ಗಂಡನ ಹೆಸರು. ಮದುವೆಯಲ್ಲಿ ಎಲ್ಲರೂ ಮುತ್ತಿಕೊಂಡು ಹೆಸರು ಕೂಡಿಸಿ ಪ್ರಾಸ ಕಟ್ಟುವ ಒಡಪು ಹೇಳಿಸಿದಾಗ ಅದರೊಳಗೆ ಒಮ್ಮೆ ನುಂಗಿ ಹೇಳಿದ್ದೆ, ಅಷ್ಟೇ. ಎದುರು ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಸಾಬರು ನಮ್ಮ ಅತ್ತೆಯನ್ನು ಅಕ್ಕಾ ಅನ್ನುತ್ತಿದ್ದರು, ಆದ್ದರಿಂದ ಅವರಿಗೆ ಇವರು "ಅಳ್ಯಾ". ಆ ಹೆಸರು ಅಟ್ಟದ ಮೇಲಿಟ್ಟ ತಾಮ್ರದ ಹಂಡೆಯ ಹಾಗೆ ಇತ್ತು. ಇದೆಯೆಂದು ಎಲ್ಲರಿಗೂ ಗೊತ್ತು, ಇಳಿಸಿದವರು ಯಾರೂ ಇಲ್ಲ.

ಆ ದಿನ ಹೊಸ ಹಾಸು ಕಟ್ಟಿ ಕುಳಿತಿದ್ದೆವು. ಮೂರು ಬೀಜ ಇಟ್ಟಾಗಿತ್ತು. ನಾಲ್ಕನೆಯ ನೂರರಲ್ಲಿ ನಾನು ನನ್ನ ರೂಢಿಯಂತೆ ಇಪ್ಪತ್ತರ ಮುಂದೆ ಇಪ್ಪತ್ನಾಲ್ಕು ಅಂದೆ. ಅವರು ಸುಮ್ಮನಿದ್ದರು. ಕೇಳಿಸಲಿಲ್ಲವೇನೋ ಅಂದುಕೊಂಡು ಮೂವತ್ತರ ಮುಂದೆ ಮೂವತ್ತಾರು ಅಂದೆ. ಆಗಲೂ ಸುಮ್ಮನೆ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹಣಿಗೆಯ ಸಂದಿನಲ್ಲಿ ಇಣುಕಿ ನೋಡಿದೆ. ಹಣೆಯ ಮೇಲೆ ಬೆವರು, ಒಂದು ಕೈ ಹೊಟ್ಟೆಯ ಬಲಗಡೆ ಒತ್ತಿಕೊಂಡಿತ್ತು. ಅತ್ತೆಯ ಎದುರಿನಲ್ಲೇ, "ಏನಾತ್ರಿ?" ಅಂದುಬಿಟ್ಟೆ. ರಾಟಿ ನಿಂತಿತು.

ಎರಡು ದಿನದಿಂದ ನೋವಿತ್ತಂತೆ, ಹೇಳಿರಲಿಲ್ಲ. ಅತ್ತೆ ಓಂಕಾಳು ಕುದಿಸಿ ಕುಡಿಸಿದರು, ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಇಟ್ಟರು. ಮರುದಿನ ಬೆಳಿಗ್ಗೆ ಜ್ವರ ಏರಿ, ಮಂಡಿ ಮಡಚಿಕೊಂಡು ಮಲಗಿದವರು ಕಾಲು ಚಾಚಲಾರದೆ ಹೋದರು. ಸಾಬರು ಬಂದು ನೋಡಿ, "ಅಕ್ಕಾ, ಇದು ಓಂಕಾಳಿಗೆ ಹೋಗೂ ನೋವಲ್ಲ. ರೋಣಕ್ಕ ನಡೀರಿ, ನಾ ಬರ್ತೀನಿ," ಅಂದು ಬಣ್ಣದ ಕೈ ತೊಳೆದು, ಒಗೆದಿಟ್ಟ ಅಂಗಿ ಹಾಕಿಕೊಂಡು ಬಂದರು. ಹಣಿಗೆಯನ್ನು ಅರ್ಧಕ್ಕೇ ಬಿಟ್ಟು ನಾವು ನಾಲ್ವರೂ ಮುಂಜಾನೆಯ ಮೋಟಾರು ಹತ್ತಿದೆವು. ದಾರಿಯ ಒಂದೊಂದು ತಗ್ಗಿಗೂ ಅವರು ಹಲ್ಲು ಕಚ್ಚುತ್ತಿದ್ದರು. ಪ್ರತಿ ತಗ್ಗಿಗೂ ಅತ್ತೆ ಡ್ರೈವರನನ್ನು ಬೈಯುತ್ತಿದ್ದರು.

ರೋಣದಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಡಾಕ್ಟರರೊಬ್ಬರು ತಮ್ಮ ಮನೆಯಲ್ಲೇ ದವಾಖಾನೆ ಇಟ್ಟಿದ್ದರು. ಪಡಸಾಲೆಯಲ್ಲಿ ಆರು ಮಂಚ, ಹಿಂದಿನ ಕೋಣೆಯಲ್ಲಿ ಆಪರೇಶನ್ನಿನ ಮೇಜು, ಅದಕ್ಕೆ ಹಸಿರು ಪರದೆ. ಜೊತೆಗೆ ಬೆಳಗಾವಿ ಕಡೆಯ ಒಬ್ಬ ದಪ್ಪ ನರ್ಸ್ ಬಾಯಿ. ಡಾಕ್ಟರರು ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿ, "ಅಪೆಂಡಿಕ್ಸ್. ಇವತ್ತ ಕೊಯ್ಯಬೇಕು. ನಾಳಿಗೆ ಅಂದ್ರ ಒಳಗ ಒಡೀತೈತಿ," ಅಂದರು. ಆಮೇಲೆ ದಪ್ಪ ಪುಸ್ತಕ ತೆಗೆದು, "ಹೆಸರೇನ್ರಿ?" ಅಂದರು.

ಅತ್ತೆ ನನ್ನ ಕಡೆ ನೋಡಿದರು, ನಾನು ಅತ್ತೆಯ ಕಡೆ ನೋಡಿದೆ. ರೋಗಿ ಹೇಳೋಣವೆಂದರೆ ಅವರಿಗೆ ನೋವಿನಲ್ಲಿ ಬಾಯಿ ಬರುತ್ತಿರಲಿಲ್ಲ. ಅತ್ತೆ ಕೊನೆಗೆ, "ಸ್ವಾಮಾರದ ದೇವರು ಐತಲ್ಲರಿ, ಅದರ ಹೆಸರು," ಅಂದರು. ಡಾಕ್ಟರರು ಶಿವನ ಮೂರು ಹೆಸರು ಊಹಿಸಿದರು, ಮೂರೂ ತಪ್ಪು. ಕಡೆಗೆ ಹೊರಗೆ ಬೀಡಿ ಸೇದಲು ಹೋದ ಸಾಬರನ್ನು ಕರೆತಂದು ಹೇಳಿಸಬೇಕಾಯಿತು. ಅವರೂ ಒಂದು ಗಳಿಗೆ ಗಡ್ಡ ತುರಿಸಿಕೊಂಡು ನೆನಪು ಮಾಡಿಕೊಂಡರು.

ಅವರನ್ನು ಒಳಗೆ ಕರೆದೊಯ್ದರು. ನಾನು ಪರದೆಯ ಈಚೆ ಹೊಸ್ತಿಲ ಹತ್ತಿರ ಕುಳಿತೆ. ತಂತಿಯ ಬುಟ್ಟಿಯಂಥದ್ದಕ್ಕೆ ಅರಿವೆ ಸುತ್ತಿ ಮೂಗಿನ ಮೇಲಿಟ್ಟು, ನರ್ಸ್ ಬಾಯಿ ಅದರ ಮೇಲೆ ಅರಿವು ತಪ್ಪಿಸುವ ಈಥರ್ ತೊಟ್ಟಿಕ್ಕಿಸುತ್ತಿದ್ದುದು ಪರದೆಯ ಸಂದಿನಿಂದ ಕಂಡಿತು. ಸಿಹಿಯಂಥ, ತಲೆ ತಿರುಗಿಸುವ ವಾಸನೆ ಪರದೆ ದಾಟಿ ನನ್ನ ತನಕ ಬಂತು. "ಗಟ್ಟಿಯಾಗಿ ಎಣಸ್ರಿ," ಅಂದರು ಡಾಕ್ಟರರು. ಒಳಗಿನಿಂದ ನಮ್ಮವರ ಧ್ವನಿ ಕೇಳಿಸಿತು: "ಎರಡು, ನಾಕು, ಆರು, ಎಂಟು…"

ನನಗೆ ಅಳುವೂ ಬಂತು, ನಗುವೂ ಬಂತು. ಎರಡು ವರ್ಷದಲ್ಲಿ ಅವರು ಎಣಿಸಿದ್ದು ನಾನು ಕೇಳಿರಲಿಲ್ಲ, ಅದು ನನ್ನ ಕೆಲಸವಾಗಿತ್ತಲ್ಲ. ನನ್ನ ರಾಗದಲ್ಲೇ ಎಣಿಸುತ್ತಿದ್ದರು. ಹತ್ತಕ್ಕೊಮ್ಮೆ ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಅವರೂ ತೆಗೆದುಕೊಳ್ಳುತ್ತಿದ್ದರು. ನಲವತ್ತಾದ ಮೇಲೆ ನಾಲಿಗೆ ದಪ್ಪವಾಯಿತು. "ನಲವತ್ತಾರು… ನಲವತ್ತೆಂಟು…" ಅಷ್ಟಕ್ಕೆ ನಿಂತಿತು. ನನಗೆ ಗೊತ್ತಿಲ್ಲದೆ ನಾನು, "ಐವತ್ತು," ಅಂದೆ. ಅತ್ತೆ ನನ್ನ ತೋಳು ಚಿವುಟಿದರು.

ಮಧ್ಯಾಹ್ನದ ಹೊತ್ತಿಗೆ ಹೊರಗೆ ತಂದು ಪಡಸಾಲೆಯ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿಸಿದರು. ಡಾಕ್ಟರರು ಕೈ ಒರೆಸಿಕೊಳ್ಳುತ್ತ, "ನನ್ನ ಕೆಲಸ ಚಲೋ ಆತು. ಇನ್ನ ಏಳೂದು ಒಂದ ಬಾಕಿ," ಅಂದರು. ಪಕ್ಕದ ಮಂಚದಲ್ಲಿ ಹೊಳೆಮಣ್ಣೂರಿನ ಒಕ್ಕಲು ತರುಣನೊಬ್ಬ ಮುಂಜಾನೆಯೇ ಇದೇ ಈಥರ್ ತೆಗೆದುಕೊಂಡು, ಮುರಿದ ಕಾಲು ಕೂಡಿಸಿಕೊಂಡು, ಅರ್ಧ ತಾಸಿನಲ್ಲಿ ಎದ್ದು ನರ್ಸ್ ಬಾಯಿಯ ಹತ್ತಿರ ನೀರಿಗಾಗಿ ಜಗಳ ಶುರು ಮಾಡಿದ್ದ. ನಾವೂ ಅರ್ಧ ತಾಸು ಕಾದೆವು. ಒಂದು ತಾಸಾಯಿತು. ಪಡಸಾಲೆಯ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಸರಿಯಿತು. ನಮ್ಮವರು ಏಳಲಿಲ್ಲ.

ಉಸಿರು ಇತ್ತು, ಆದರೆ ಮೇಲೆ ಮೇಲೆ. ಉಗುರು ನೀಲಿಯಾಗಿ ಕಂಡವು. ಡಾಕ್ಟರರು ಉಸಿರಿಗೆ ಹುರುಪು ಬರಲೆಂದು ಒಂದು ಸೂಜಿ ಹಾಕಿದರು, ಅಂಗಾಲು ತಿಕ್ಕಿಸಿದರು, ಕೆನ್ನೆ ತಟ್ಟಿದರು. ಎಬ್ಬಿಸುವ ಔಷಧ ಇಲ್ಲವೇ ಎಂದು ಸಾಬರು ಕೇಳಿದರು. "ಇಲ್ಲರಿ. ಈಥರ್ ಒಳಗ ಹೋದ ಹಾದಿಲೇ ಹೊರಗ ಬರಬೇಕು, ಉಸಿರಿನಾಗ. ಇಷ್ಟ ಸಣ್ಣ ಉಸಿರಾದ್ರ ಅದು ಬರೂದಿಲ್ಲ. ಹಿಂಗ ಮಲಗಿದ್ರ ಎದಿಯಾಗ ಕಫ ಕೂಡ್ತೈತಿ, ಆಮ್ಯಾಲ ನನ್ನ ಕೈಯಾಗ ಇರೂದಿಲ್ಲ. ಎಚ್ಚರಾಗಬೇಕು, ಕೆಮ್ಮಬೇಕು, ದೊಡ್ಡ ಉಸಿರ ತಗೋಬೇಕು. ಕರೀರಿ ಅವರನ್ನ." ಅಷ್ಟು ಹೊತ್ತು ಹಗುರವಾಗಿ ಮಾತಾಡುತ್ತಿದ್ದ ಡಾಕ್ಟರರ ಮುಖ ಬಿಗಿಯಾಗಿತ್ತು.

ಮೊದಲು ಡಾಕ್ಟರರೇ ಮಿಲಿಟರಿ ಧ್ವನಿಯಲ್ಲಿ ಪುಸ್ತಕದಲ್ಲಿ ಬರೆದ ಹೆಸರನ್ನು ಕೂಗಿದರು. ಕಿಟಕಿಯ ಗುಬ್ಬಿ ಹಾರಿಹೋಯಿತು, ಇವರು ಮಿಸುಕಲಿಲ್ಲ. "ಮನಿಯವರ ಧ್ವನಿ ಬೇಕು, ನೀವ ಕರೀರಿ," ಅಂದರು. ಅತ್ತೆ, "ತಮ್ಮಾ, ಏ ತಮ್ಮಾ," ಅಂದು ಕೂಗಿದರು. ಪಕ್ಕದ ಮಂಚದ ಹೊಳೆಮಣ್ಣೂರಿನವನು, "ಏನಬೇ?" ಅಂದ. ಅವನೂ ಅವರ ಮನೆಯಲ್ಲಿ ತಮ್ಮನೇ ಆಗಿದ್ದ. ಸಾಬರು, "ಅಳ್ಯಾ, ಏಳಪಾ, ನೂಲು ಒಣಗೇತಿ," ಅಂದರು. ಏನೂ ಇಲ್ಲ.

"ಹೆಸರ ಹಿಡದ ಕರೀರೀ!" ಅಂದರು ಡಾಕ್ಟರರು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವರು ನಮ್ಮ ಮೂವರ ಮುಖವನ್ನೂ ನೋಡಿ, "ಈ ಮನಷ್ಯಾಗ ಮನ್ಯಾಗ ಹೆಸರ ಇಲ್ಲೇನ್ರಿ? ಇಪ್ಪತ್ತೈದು ವರ್ಷ ಯಾರೂ ಕರದಿಲ್ಲೇನು?" ಅಂದು ಸಿಟ್ಟಿಗೆದ್ದರು. ಅತ್ತೆ ಮೆತ್ತಗೆ ಕಾರಣ ಹೇಳಿದರು. ಡಾಕ್ಟರರು ಹಣೆ ಹಣೆ ಬಡಿದುಕೊಂಡರು.

ಆಗ ನಮ್ಮ ಅತ್ತೆ ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡರು, ಹಿರಿಯರು ಎದುರಿಗೆ ಬಂದರೆ ಎಳೆದುಕೊಳ್ಳುವ ಹಾಗೆ. ಕೈ ಜೋಡಿಸಿ, "ಮಾವನವರ, ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ," ಅಂದರು. ಆಮೇಲೆ ಮಗನ ಕಿವಿಯ ಹತ್ತಿರ ಬಾಗಿ ಆ ಹೆಸರನ್ನು ಹೇಳಿದರು. ಎಷ್ಟು ಮರ್ಯಾದೆಯಿಂದ ಹೇಳಿದರೆಂದರೆ ಸತ್ತುಹೋದ ಅಜ್ಜನೇ ಎದ್ದು ಬರಬೇಕು. ಮಗ ಏಳಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ನೀನೂ ಕರಿ, ಯವ್ವಾ," ಅಂದರು. ನನ್ನನ್ನು ಅವರು "ಯವ್ವಾ" ಎಂದು ಕರೆದದ್ದು ಅದೇ ಮೊದಲು.

ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿ ಬೆಳೆದವಳು ನಾನು. ಅವರ ಆಯುಷ್ಯ ಮಂಚದ ಮೇಲೆ ತೂಗಾಡುತ್ತಿರುವಾಗಲೇ ಹೇಳು ಅಂದರೆ! ಕಣ್ಣು ಮುಚ್ಚಿ ಹೇಳಿದೆ. ಒಡಪಿಲ್ಲದೆ, ಬರೀ ಹೆಸರು. ಮೊದಲ ಸಲ ಬಾಯಿಗೆ ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಹೇಳಿದೆ. ಕಣ್ಣು ತೆರೆದು ನೋಡಿದರೆ, ಪಕ್ಕದ ಓಣಿಯಲ್ಲಿ ಯಾರೋ ಯಾರನ್ನೋ ಕರೆದರೆ ಇರುವ ಹಾಗೆ ತಣ್ಣಗೆ ಮಲಗಿದ್ದರು. ನನ್ನ ಧೈರ್ಯವನ್ನೆಲ್ಲ ಒಮ್ಮೆಗೇ ಸುರಿದಿದ್ದೆ, ಅವರಿಗೆ ಅದರ ಗೊಡವೆಯೇ ಇರಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಭಯದಲ್ಲೂ ನನಗೆ ಸಿಟ್ಟು ಬಂತು.

ಸಿಟ್ಟು ಬಂದರೆ ನನ್ನ ತಲೆ ಓಡುತ್ತದೆ. ಯಾರೂ ಕರೆಯದ ಹೆಸರಿಗೆ ಅವರೇಕೆ ತಿರುಗಿಯಾರು? ಅದು ಅವರ ಹೆಸರೆಂದು ಅವರ ಕಿವಿಗೆ ಗೊತ್ತೇ ಇಲ್ಲ. ಅವರ ಕಿವಿಗೆ ಗೊತ್ತಿರುವುದು ಏನು? ನಾನು ಮಂಚದ ಹತ್ತಿರ ನೆಲದ ಮೇಲೆ ಕುಳಿತೆ. ಹಣಿಗೆಯ ಈ ಕಡೆ ಕುಳಿತಾಗ ನನ್ನ ಬಾಯಿ ಅವರ ಕಿವಿಯಿಂದ ಎಷ್ಟು ದೂರ ಇರುತ್ತದೋ ಅಷ್ಟೇ ದೂರದಲ್ಲಿ ಕುಳಿತೆ. ಅವರು ಬಿಟ್ಟಲ್ಲಿಂದ ಹಿಡಿದೆ.

"ಐವತ್ತು. ಐವತ್ತೆರಡು. ಐವತ್ನಾಕು. ಐವತ್ತಾರು."

"ಏನ ಮಾಡಾಕತ್ತಾಳ ಈಕಿ?" ಅಂದರು ನರ್ಸ್ ಬಾಯಿ. ಡಾಕ್ಟರರು ಕೈ ಅಡ್ಡ ಮಾಡಿ ಸುಮ್ಮನಿರಿಸಿದರು. ನಾನು ನೂರರ ತನಕ ಹೋದೆ. ಇಡಲು ಹುಣಸೆ ಬೀಜ ಇರಲಿಲ್ಲ, ಅವರ ಕಿರುಬೆರಳನ್ನು ಮಡಚಿದೆ. ಮತ್ತೆ ಎರಡರಿಂದ ಹಿಡಿದು ಇನ್ನೊಂದು ನೂರು, ಇನ್ನೊಂದು ಬೆರಳು. ಉಸಿರು ಸ್ವಲ್ಪ ದೊಡ್ಡದಾಯಿತೋ, ಅಥವಾ ನನಗೆ ಹಾಗೆ ಅನಿಸಿತೋ. ಕಣ್ಣು ಮಾತ್ರ ಮುಚ್ಚಿಯೇ ಇತ್ತು. ಸರಿಯಾದ ಎಣಿಕೆಗೆ ಅವರು ಯಾವಾಗಲೂ ಸುಮ್ಮನೇ ಇರುತ್ತಿದ್ದರಲ್ಲ, ಅದು ಆಗ ಹೊಳೆಯಿತು. ಮೂರನೆಯ ನೂರರಲ್ಲಿ ಐವತ್ತಾರರ ಮುಂದೆ ಬೇಕೆಂತಲೇ, "ಅರವತ್ತು," ಅಂದೆ.

ಹುಬ್ಬು ಅಲುಗಿತು. ನಾನು ಕಂಡೆ, ಅತ್ತೆ ಕಂಡರು, ಡಾಕ್ಟರರೂ ಕಂಡರು. "ಮತ್ತ, ಮತ್ತ," ಅಂದರು ಡಾಕ್ಟರರು. ಏನು ಮತ್ತೆ ಎಂದು ಅವರಿಗೂ ಗೊತ್ತಿರಲಿಲ್ಲ. ಅರವತ್ತೆರಡು, ಅರವತ್ನಾಲ್ಕು, ಅರವತ್ತಾರು, ಅರವತ್ತೆಂಟು, ಎಪ್ಪತ್ತು. ಒಂದು ಉಸಿರು ತೆಗೆದುಕೊಂಡು, "ಎಪ್ಪತ್ತಾರು," ಅಂದೆ.

ತುಟಿ ಬಿಚ್ಚಿತು. ನಾಲಿಗೆ ಎರಡು ಸಲ ಹೊರಳಿ ಹೊರಳಿ ದಾರಿ ಹುಡುಕಿತು. ಆಮೇಲೆ ಕಣ್ಣು ಮುಚ್ಚಿಕೊಂಡೇ, ಆಳದ ಬಾವಿಯೊಳಗಿನಿಂದ ಬಂದ ಹಾಗೆ: "ನಾಕ… ಎಳಿ… ಬಿಟ್ಟಿ."

ನಾನು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ನಕ್ಕರು. ಡಾಕ್ಟರರು ಬೆರಳು ಮಡಚಿ ಎಣಿಸಿ, "ಎಪ್ಪತ್ತೆರಡು, ಎಪ್ಪತ್ನಾಕು… ಹೌದ್ರಿ, ನಾಕ ಎಳಿ! ಲೆಕ್ಕ ಬರೋಬ್ಬರಿ ಐತಿ! ತಲಿಗೆ ಏನೂ ಆಗಿಲ್ಲ!" ಅಂದು ಚಪ್ಪಾಳೆ ತಟ್ಟಿದರು. ನಮ್ಮವರು ಕೆಮ್ಮಿದರು, ದೊಡ್ಡದೊಂದು ಉಸಿರು ಎಳೆದರು, ಆಮೇಲೆ ಹತ್ತಿರ ಬಾಗಿದ್ದ ಸಾಬರ ಒಗೆದ ಅಂಗಿಯ ಮೇಲೆ ವಾಂತಿ ಮಾಡಿದರು. ಸಾಬರು ಅಂಗಿ ನೋಡಿಕೊಂಡು, "ಇರಲಿ ಬಿಡಪಾ ಅಳ್ಯಾ, ಎಂಥೆಂಥಾ ಬಣ್ಣ ಕಂಡೇನಿ," ಅಂದರು. ಅವರ ಕಣ್ಣಲ್ಲೂ ನೀರಿತ್ತು. ಉಗುರಿನ ನೀಲಿ ಇಳಿಯುವುದನ್ನು ನಾವೆಲ್ಲ ಸುತ್ತ ನಿಂತು ನೋಡಿದೆವು.

ಅತ್ತೆ ಆ ಪಡಸಾಲೆಯಲ್ಲಿದ್ದ ಆರೂ ಮಂಚದವರಿಗೆ ಕೇಳುವಂತೆ, "ದೇವರು ದೊಡ್ಡಾಂವ. ನನ್ನ ಸೊಸಿಗೆ ಎಣಸಾಕ ಬರೂದಿಲ್ಲ, ಅದಕ್ಕ ನನ್ನ ಮಗ ಉಳದ," ಅಂದರು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನಗೆ ಬರುತ್ತದೆ, ನಿಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ ಎಂದು ಕಿರುಚಬೇಕೆನ್ನಿಸಿತು. ತಡೆದುಕೊಂಡೆ. ನನ್ನ ಇಡೀ ಆಯುಷ್ಯದಲ್ಲಿ ನಾನು ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡದ್ದು ಇನ್ನೊಂದಿಲ್ಲ.

ಡಾಕ್ಟರರು ಮರುದಿನ ತಮ್ಮ ವಿದ್ಯೆಯ ಮರ್ಯಾದೆ ಉಳಿಸಿಕೊಳ್ಳಲು ಹೇಳಿದರು: "ತಂಗಿ, ನೀ ಎಣಸ್ದಿ ಅಂತ ಎದ್ದಾನಂತ ತಿಳೀಬ್ಯಾಡ. ಈಥರ್ ಇಳಿಯೂ ಹೊತ್ತಿಗೂ ನೀ ಎಣಸೂ ಹೊತ್ತಿಗೂ ಕೂಡಿ ಬಂತು, ಅಷ್ಟ." ಇರಬಹುದು. ಅವರು ಕಲಿತವರು. ಆದರೆ ಇಳಿಯುವ ಈಥರಿಗೆ ಎಪ್ಪತ್ತರಿಂದ ಎಪ್ಪತ್ತಾರಕ್ಕೆ ನಾಲ್ಕು ಎಳೆ ಎಂದು ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. ಅವರು ನಕ್ಕು ಮುಂದಿನ ಮಂಚಕ್ಕೆ ಹೋದರು. ಅಲ್ಲಿದ್ದಷ್ಟು ದಿನವೂ ಮುಂಜಾನೆ ಬಂದು, "ಹೆಸರಿಲ್ಲದ ಪೇಶಂಟು ಹ್ಯಾಂಗದಾರ?" ಅಂತಲೇ ಕೇಳುತ್ತಿದ್ದರು.

ಹೊಲಿಗೆ ಬಿಚ್ಚಿದ ಮೇಲೆ ಊರಿಗೆ ಬಂದೆವು. ಭಾರ ಎತ್ತುವ ಹಾಗಿಲ್ಲ, ಕುಣಿಗೆ ಇಳಿಯುವ ಹಾಗಿಲ್ಲ. ಒಂದು ತಿಂಗಳು ಅವರು ಗೋಡೆಗೆ ಒರಗಿ ಕುಳಿತು ಮಗ್ಗವನ್ನು ನೋಡುತ್ತಿದ್ದರು, ಮಗ್ಗ ಅವರನ್ನು ನೋಡುತ್ತಿತ್ತು. ಅರ್ಧಕ್ಕೆ ಬಿಟ್ಟ ಹಣಿಗೆ ಹಾಗೇ ಇತ್ತು. ಹೊರಡುವ ಗಡಿಬಿಡಿಯಲ್ಲೂ ಅತ್ತೆ ಆ ಮೂರು ಹುಣಸೆ ಬೀಜಗಳ ಮೇಲೆ ಒಂದು ಬಟ್ಟಲು ಬೋರಲು ಹಾಕಿ ಹೋಗಿದ್ದರು. ಅದನ್ನು ನೋಡಿ ನನಗೆ ಅವರ ಮೇಲೆ ಮಮತೆ ಉಕ್ಕಿ ಬಂತು.

ಹಣಿಗೆಯ ಕೆಲಸಕ್ಕೆ ಭಾರವಿಲ್ಲವಲ್ಲ, ಮೊದಲು ಅದಕ್ಕೇ ಕುಳಿತೆವು. ರೋಣದ ಆ ಪಡಸಾಲೆಯಲ್ಲಿ ನಾನು ಮನಸ್ಸಿನಲ್ಲೇ ಒಂದು ಹರಕೆ ಹೊತ್ತಿದ್ದೆ. ಇವರು ಎದ್ದರೆ ಇನ್ನು ಮೇಲೆ ಸುಳ್ಳು ಎಣಿಕೆ ಎಣಿಸುವುದಿಲ್ಲ, ಇವರಿಗೆ ಮೋಸ ಮಾಡುವುದಿಲ್ಲ ಎಂದು. ಅದರಂ​ತೆ ಶುರು ಮಾಡಿದೆ. ನಾಲ್ಕನೆಯ ಬೀಜ ಇಟ್ಟೆ, ಐದನೆಯದು ಇಟ್ಟೆ, ಆರನೆಯದು ಇಟ್ಟೆ. ಒಂದೂ ತಪ್ಪಿಲ್ಲ. ಅತ್ತೆ ರಾಟಿ ತಿರುಗಿಸುತ್ತ, "ಮಗಗ ಆಪರೇಶನ್ ಆತು, ಸೊಸಿ ಶ್ಯಾಣ್ಯಾಕಿ ಆದ್ಲು," ಅಂದರು. ಹಣಿಗೆಯ ಈಚೆ ನಾನು ಭಕ್ತಿಯಿಂದ ಎಣಿಸುತ್ತಿದ್ದೆ. ಆಚೆ ಕೊಕ್ಕೆ ಬರಬರುತ್ತ ನಿಧಾನವಾಗುತ್ತಿತ್ತು.

ಏಳನೆಯ ನೂರರ ಎಪ್ಪತ್ತೆರಡಕ್ಕೆ ಕೊಕ್ಕೆ ನಿಂತೇಬಿಟ್ಟಿತು. ಅವರು ಹಣಿಗೆಗೆ ಮುಖ ತಂದು, ರಾಟಿಯ ಸಪ್ಪಳದಲ್ಲಿ ಅತ್ತೆಗೆ ಕೇಳದ ಹಾಗೆ ಕೇಳಿದರು: "ಯಾಕ, ನನ್ನ ಮ್ಯಾಲ ಸಿಟ್ಟೇನ?"

"ಯಾಕ್ರಿ?"

"ಮುಂಜಾನಿಂದ ಒಂದ ಸಲಾನೂ ತಪ್ಪಿಲ್ಲ ನೀ."

ಎಳೆ ಹಿಡಿದ ಬೆರಳು ಹಾಗೇ ನಿಂತವು. "ನಿಮಗ ಗೊತ್ತಿತ್ತೇನ್ರಿ?" ಅಂದೆ. ಕಿವಿಯವರೆಗೂ ಬಿಸಿಯಾಯಿತು.

"ಮೊದಲನೇ ಸಲದ್ದು ಖರೇ ತಪ್ಪಿತ್ತು," ಅಂದರು. "ಎರಡನೇ ಸಲದ್ದರಿಂದ ಗೊತ್ತೈತಿ."

ಎರಡು ವರ್ಷ! ಎರಡು ವರ್ಷ ನಾನು ಮಾನ ಕಳೆದುಕೊಂಡು ಅವರನ್ನು ಮಾತಾಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಆ ಕಡೆ ಕುಳಿತು ಅವರೂ ನನ್ನ ತಪ್ಪಿಗಾಗಿಯೇ ಕಾಯುತ್ತಿದ್ದರು. ಈಥರಿನ ತಳದಲ್ಲಿ ಮಲಗಿದ್ದಾಗಲೂ ಅದಕ್ಕೇ ಕಾದಿದ್ದರು. ಹರಕೆ ಹೊತ್ತದ್ದು ನೆನಪಾಯಿತು. ಮೋಸ ಮಾಡುವುದಿಲ್ಲ ಎಂದಲ್ಲವೇ ಹೊತ್ತದ್ದು, ಗೊತ್ತಿದ್ದವರಿಗೆ ಎಂಥ ಮೋಸ ಎಂದು ದೇವರಿಗೆ ಅಲ್ಲೇ ಸಮಜಾಯಿಷಿ ಹೇಳಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ರಾಟಿ ದಾಟಿ ಓಣಿಗೇ ಕೇಳುವಂತೆ, "ಎಪ್ಪತ್ತೆಂಟು!" ಅಂದೆ.

"ನಾಕ ಎಳಿ ಬಿಟ್ಟಿ!" ಅಂದರು ಅವರು, ಅಷ್ಟೇ ಗಟ್ಟಿಯಾಗಿ.

ಅತ್ತೆ ರಾಟಿ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. "ಎರಡ ತಾಸು ಶ್ಯಾಣ್ಯಾಕಿ ಆಗಿದ್ಲು, ಮತ್ತ ಸುರು ಆತು," ಅಂದು ಹಣೆ ತಟ್ಟಿಕೊಂಡು, ನಗುತ್ತ, ನೂಲಿನ ತುದಿ ಹುಡುಕತೊಡಗಿದರು.